ಟೋಲ್ ದಾಟಿದ ಗಾಜು

"ಇನ್ನೊಂದ್ಸಲ ಹಾಕಿ" ಎಂದಳು ಎಸ್‌ಐ ಗಂಗಾಲಕ್ಷ್ಮಿ.

ಟೋಲ್ ಪ್ಲಾಜಾದ ಮೇಲ್ವಿಚಾರಕ ಆಂಜಿ ಮೌಸ್ ಒತ್ತಿದ. ಪರದೆಯ ಮೇಲೆ ಬಿಳಿ ಕಾರು ಮತ್ತೆ ಮೂರನೇ ಲೇನಿಗೆ ಬಂತು. ಗೇಟಿನ ಹತ್ತಿರ ವೇಗ ತಗ್ಗಿಸಿತು. ಅಡ್ಡಗೋಲು ಮೇಲೆದ್ದಿತು. ಕಾರು ಮುಳಬಾಗಿಲಿನ ಕಡೆಗೆ ಹೊರಟುಹೋಯಿತು.

"ಅಲ್ಲೇ ನಿಲ್ಲಿಸಿ. ನಂಬರ್ ದೊಡ್ಡದು ಮಾಡಿ."

ಚಿತ್ರ ಹಿಗ್ಗಿತು. ಬೆಂಗಳೂರಿನ ನೋಂದಣಿ, ಬಿಳಿ ಫಲಕ. ಕಾಣೆಯಾದ ಭೀಮರಾಜನದು ಟ್ಯಾಕ್ಸಿ, ಅದಕ್ಕೆ ಹಳದಿ ಫಲಕ. ಸ್ಟೀರಿಂಗ್ ಹಿಡಿದು ಕೂತಿದ್ದವಳು ಕನ್ನಡಕ ಹಾಕಿದ ಒಬ್ಬ ಹೆಂಗಸು.

ಗಂಗಾಲಕ್ಷ್ಮಿ ಕಿಟಕಿಯಾಚೆ ನೋಡಿದಳು. ಹೊರಗಿನ ಬೆಂಚಿನ ಮೇಲೆ ಆವಲಮ್ಮ ಕೂತಿದ್ದಳು. ಮಾವಿನ ಕಾಲದಲ್ಲಿ ಕಾರಿನ ಸಮೇತ ಕಾಣೆಯಾಗಿದ್ದ ಮಗ ಭೀಮರಾಜ ಮೊನ್ನೆ ಟೋಲ್ ದಾಟಿದ್ದಾನೆಂದು ಅವಳ ಫೋನಿಗೆ ಮೆಸೇಜ್ ಬಂದಿತ್ತು. ಅಂದಿನಿಂದ ಅವಳಿಗೆ ಊಟವಿಲ್ಲ, ನಿದ್ದೆಯಿಲ್ಲ. ಇವತ್ತು ಬೈರಕೂರಿನಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಸೆರಗಿನಡಿ ಬೆಚ್ಚಗೆ ಮುಚ್ಚಿಟ್ಟುಕೊಂಡಿದ್ದ ಡಬ್ಬಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು.

"ಈ ಫಾಸ್ಟ್‌ಟ್ಯಾಗ್ ಭೀಮರಾಜನ ಹೆಸರಲ್ಲೇ ಇದೆ ತಾನೆ?"

"ಅವರದ್ದೇ ಮೇಡಂ. ಫೋನ್ ನಂಬರ್ ಮಾತ್ರ ಅವರ ತಾಯಿದು."

"ಮತ್ತೆ ಬೇರೆ ಕಾರಿಗೆ ಗೇಟ್ ಹೇಗೆ ಎತ್ತಿತು?"

ಆಂಜಿ ಕುರ್ಚಿ ತಿರುಗಿಸಿ, ಲೇನಿನ ಮೇಲೆ ನೇತುಹಾಕಿದ್ದ ಚೌಕದ ಪೆಟ್ಟಿಗೆಯನ್ನು ತೋರಿಸಿದ. "ಅದೇ ಆಂಟೆನಾ. ಅದು ಅಲೆ ಬಿಟ್ಟ ತಕ್ಷಣ ಗಾಜಿನ ಮೇಲಿರೋ ಟ್ಯಾಗ್ ತನ್ನ ನಂಬರ್ ಹೇಳುತ್ತೆ. ಟ್ಯಾಗಲ್ಲಿ ಬ್ಯಾಟರಿ ಗೀಟರಿ ಏನೂ ಇರಲ್ಲ. ಆ ನಂಬರ್ ಬ್ಯಾಂಕಿಗೆ ಹೋಗುತ್ತೆ, ಬ್ಯಾಂಕು ದುಡ್ಡು ಹಿಡ್ಕೊಂಡು ಖಾತೆಗೆ ಕೊಟ್ಟಿರೋ ಫೋನಿಗೆ ಮೆಸೇಜ್ ಹಾಕುತ್ತೆ."

"ಕಾರಿನ ನಂಬರ್ ತಾಳೆ ನೋಡಲ್ವಾ?"

"ಕ್ಯಾಮೆರಾ ಫೋಟೋ ತೆಗೆದಿಡುತ್ತೆ, ಅಷ್ಟೆ. ಲಾರಿಗೆ ಕಾರಿನ ಟ್ಯಾಗ್ ಹಾಕಿದ್ರೆ ಸಿಸ್ಟಮ್ ಹಿಡಿಯುತ್ತೆ. ಕಾರಿನ ಟ್ಯಾಗ್ ಇನ್ನೊಂದು ಕಾರಲ್ಲಿ ಬಂದ್ರೆ ಸುಮ್ನೆ ಬಿಡುತ್ತೆ. ಹಿಂದೆ ಸಾಲು ನಿಂತಿರುತ್ತಲ್ಲ ಮೇಡಂ. ಒಂದೊಂದೇ ತಾಳೆ ನೋಡ್ತಾ ಕೂತ್ರೆ ಬೆಂಗಳೂರಿನವರು ನಮ್ಮನ್ನ ತಿಂದುಬಿಡ್ತಾರೆ."

"ಕಿತ್ತು ಇನ್ನೊಂದು ಕಾರಿಗೆ ಅಂಟಿಸಬಹುದಾ?"

"ಕಷ್ಟ. ಒಂದು ಸಲ ಅಂಟಿಸಿ ಕಿತ್ತರೆ ಹರಿದುಹೋಗುತ್ತೆ. ಆಮೇಲೆ ಓದಲ್ಲ."

ಗಂಗಾಲಕ್ಷ್ಮಿ ಪರದೆಯ ಹತ್ತಿರ ಬಗ್ಗಿದಳು. ಗಾಜಿನ ಎಡಮೂಲೆಯಲ್ಲಿ ಏನೋ ಕಲೆಯಂತೆ ಕಾಣುತ್ತಿತ್ತು. ಆಂಜಿ ಅದನ್ನೂ ಹಿಗ್ಗಿಸಿದ. ಗಣಪತಿಯ ಸ್ಟಿಕ್ಕರು, ಒಂದು ಕಿವಿ ಹರಿದಿದೆ. ಭೀಮರಾಜನ ಹೆಂಡತಿ ರಜನಿ ದೂರಿನ ಜೊತೆ ಕೊಟ್ಟ ಫೋಟೋ ಗಂಗಾಲಕ್ಷ್ಮಿಗೆ ನೆನಪಾಯಿತು. ಕಾರು ತಗೊಂಡ ದಿನ ಕುರುಡುಮಲೆ ಗುಡಿಯ ಮುಂದೆ ತೆಗೆದ ಫೋಟೋ ಅದು. ಅಲ್ಲೂ ಇದೇ ಗಣಪತಿ, ಇದೇ ಹರಿದ ಕಿವಿ.

"ಟ್ಯಾಗ್ ಎದ್ದು ಬಂದಿಲ್ಲ" ಎಂದಳು ನಿಧಾನವಾಗಿ. "ಗಾಜೇ ಎದ್ದು ಬಂದಿದೆ. ಟ್ಯಾಗೂ ಅದರ ಜೊತೆಗೇ ಬಂದಿದೆ."

"ಹಂಗಾದ್ರೆ ಕಾರು ಬಿಚ್ಚಿಬಿಟ್ಟಿದಾರೆ" ಎಂದರು ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಸೊಣ್ಣಪ್ಪ. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

ಗಂಗಾಲಕ್ಷ್ಮಿ ಅವರನ್ನು ಕೆಣಕಲಿಲ್ಲ. ಒಬ್ಬಳೇ ಮಗಳು ಶಿವಾನಿಯನ್ನು ಶ್ರೀನಿವಾಸಪುರದ ರಸ್ತೆಯಲ್ಲಿ ಯಾವುದೋ ವಾಹನ ಬಲಿತೆಗೆದುಕೊಂಡ ಮೇಲೆ ಸೊಣ್ಣಪ್ಪ ಮಾತು ಕಡಿಮೆ ಮಾಡಿದ್ದರು. ಆ ವಾಹನ ಇನ್ನೂ ಪತ್ತೆಯಾಗಿರಲಿಲ್ಲ. ರಜೆ ಮುಗಿಸಿ ಬಂದ ದಿನವೇ ಭೀಮರಾಜನ ಕೇಸಿಗೆ ನನ್ನನ್ನ ಹಾಕಿ ಎಂದು ಅವರೇ ಕೇಳಿಕೊಂಡಿದ್ದರು. ಕೆಲಸದಲ್ಲಿ ಮುಳುಗಿದರೆ ದುಃಖ ಮರೆತೀತು ಎಂದು ಅವಳೂ ಒಪ್ಪಿದ್ದಳು.

"ಮೊನ್ನೆ ಸಂಜೆ ಇದೇ ಟ್ಯಾಗು ಬೆಂಗಳೂರು ಕಡೆ ವಾಪಸ್ ಹೋಗಿದೆ ಮೇಡಂ. ಹೋಗಿಬರೋ ರಿಯಾಯಿತಿ ಬಿದ್ದಿದೆ" ಎಂದ ಆಂಜಿ. "ಇವತ್ತು ಬೆಳಿಗ್ಗೆಯೂ ಬಂದಿದೆ."

"ಅಂದ್ರೆ ಸಂಜೆ ವಾಪಸ್ ಬರುತ್ತೆ. ಕಾಯೋಣ."

ಬ್ಯಾಂಕಿನ ಕಂಪ್ಯೂಟರ್ ತಪ್ಪಿರಬೇಕು, ಮುದುಕಿಗೆ ಸಮಾಧಾನ ಹೇಳಿ ಕಳಿಸಿ ಎಂದು ಇನ್ಸ್‌ಪೆಕ್ಟರ್ ಅರುಣ್‌ಕುಮಾರ್ ಬೆಳಿಗ್ಗೆ ಹೇಳಿದ್ದರು. ಅವರಿಗೆ ಫೋನ್ ಮಾಡಲೇ ಎಂದುಕೊಂಡಳು. ಆಮೇಲೆ ಮಾಡಿದರಾಯಿತು ಎಂದು ಸುಮ್ಮನಾದಳು. ಮೊದಲು ಬೆಂಚಿನ ಹತ್ತಿರ ಹೋಗಬೇಕಿತ್ತು.

*

"ನನ್ನ ಕೊಡುಕು, ನನ್ನ ಮಗ, ಕಾಣಿಸಿದ್ನಾ ಮೇಡಮ್ಮಾ?"

ಗಂಗಾಲಕ್ಷ್ಮಿ ಪಕ್ಕದಲ್ಲಿ ಕೂತಳು.

ಆವಲಮ್ಮನೇ ಮುಂದುವರಿಸಿದಳು. "ಟ್ಯಾಗಲ್ಲಿ ದುಡ್ಡು ಮುಗೀತಾ ಬಂತು ಅಂತ ನಿನ್ನೆ ಇನ್ನೊಂದು ಮೆಸೇಜು ಬಂತು. ರಜನಿ ಓದಿ ಹೇಳಿದ್ಲು. ದುಡ್ಡಿಲ್ಲಾಂದ್ರೆ ಗೇಟ್ ಎತ್ತಲ್ವಂತಲ್ಲ? ಅಷ್ಟು ದೂರದಿಂದ ಬಂದೋನು ಮನೆ ಹತ್ರಕ್ಕೆ ಬಂದು ಸಿಕ್ಕಾಕ್ಕೊಂಡ್ರೆ ಏನ್ ಗತಿ? ಡೈರಿಯಿಂದ ಹಾಲಿನ ದುಡ್ಡು ಬಂದಿತ್ತು. ಎಲ್ಲಾ ಹಾಕ್ಸಿಬಿಟ್ಟೆ."

ಲಾರಿಯೊಂದು ಹಾರನ್ ಬಾರಿಸುತ್ತಾ ಗೇಟು ದಾಟಿತು. ಅದರ ಸದ್ದು ಅಡಗುವವರೆಗೆ ಗಂಗಾಲಕ್ಷ್ಮಿ ಕಾದಳು.

"ಅಮ್ಮಾ, ಅದು ನಿಮ್ಮ ಮಗನ ಕಾರಲ್ಲ. ಅವನ ಕಾರಿನ ಮುಂದಿನ ಗಾಜನ್ನ ಯಾರೋ ಬೇರೆ ಕಾರಿಗೆ ಹಾಕಿದಾರೆ. ಓಡಿಸ್ತಿರೋರು ಬೇರೆಯವರು."

ಆವಲಮ್ಮ ಅವಳ ಮುಖವನ್ನೇ ನೋಡಿದಳು. ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದಳು, ಮತ್ತೆ ಒತ್ತಿದಳು.

"ಕಾರು ಅವನ್ದಲ್ಲ, ಸರಿ" ಎಂದಳು ಕೊನೆಗೆ. "ಗಾಜು ಅವನ್ದೇ ತಾನೇ? ಅದನ್ನಾದ್ರೂ ತೋರಿಸ್ತೀಯಾ ತಾಯಿ?"

ಸೊಣ್ಣಪ್ಪ ನೀರಿನ ಬಾಟಲಿ ತಂದು ಅವಳ ಕೈಗಿತ್ತರು. "ತಗೋಮ್ಮಾ, ಒಂದು ಗುಟುಕು ಕುಡಿ." ಅವಳು "ಅಣ್ಣಾ, ನಿನಗೂ ಮಕ್ಕಳಿರ್ಬೇಕಲ್ಲ" ಎಂದಾಗ ಅವರು ತಿರುಗಿ ಜೀಪಿನ ಕಡೆ ನಡೆದರು.

*

ಬಿಸಿಲು ಇಳಿಯುವ ಹೊತ್ತಿಗೆ ಬಿಳಿ ಕಾರು ಬಂತು.

ಓಡಿಸುತ್ತಿದ್ದಾಕೆ ರಮಾದೇವಿ, ಮುಳಬಾಗಿಲಿನ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಮನೆ ಬೆಂಗಳೂರಿನ ಕೆ.ಆರ್. ಪುರದಲ್ಲಿ. ವಾರದಲ್ಲಿ ಕೆಲವು ದಿನ ತಾನೇ ಕಾರು ಓಡಿಸಿಕೊಂಡು ಬಂದು ಹೋಗುತ್ತಾಳೆ. ಪೊಲೀಸರು ಅಡ್ಡಹಾಕಿದ್ದನ್ನು ಕಂಡು ಅವಳು ಕಿಟಕಿ ಇಳಿಸಿದಳು.

"ನಂದೇನು ತಪ್ಪು ಮೇಡಂ? ಲಾರಿಯಿಂದ ಕಲ್ಲು ಸಿಡಿದು ಗಾಜು ಒಡೀತು. ಹೊಸದು ಬರೋಕೆ ತಡ ಆಗುತ್ತೆ ಅಂದ್ರು. ವೇಮಗಲ್ ಹತ್ರ ಕದಿರೇಶ್ ಅಂತ ಹಳೇ ಕಾರಿನ ಭಾಗ ಮಾರೋರಿದಾರೆ. ಹೋದ ವಾರ ಅವರೇ ಹಾಕಿಕೊಟ್ಟಿದ್ದು."

"ಇದರ ಮೇಲೆ ಟ್ಯಾಗ್ ಇತ್ತಲ್ಲ, ನೋಡಲಿಲ್ವಾ?"

"ನಾನು ಹೊಸ ಟ್ಯಾಗ್ ತಗೊಂಡು ಅಂಟಿಸಿದೀನಿ. ನೋಡಿ, ಇಲ್ಲಿದೆ."

ಅದು ಇತ್ತು. ಅದಕ್ಕಿಂತ ಮೇಲೆ, ಕನ್ನಡಿಯ ಹಿಂದೆ, ಗಾಜಿನ ಕಪ್ಪು ಪಟ್ಟಿಯ ಮರೆಯಲ್ಲಿ ಇನ್ನೊಂದು ಟ್ಯಾಗ್ ಅಂಟಿಕೊಂಡಿತ್ತು. ಆಂಟೆನಾಗೆ ಒಮ್ಮೆ ಇದು ಸಿಗುತ್ತಿತ್ತು, ಒಮ್ಮೆ ಅದು.

"ಮೊನ್ನೆಯೂ ಇವತ್ತೂ ನನಗೆ ಮೆಸೇಜೇ ಬರಲಿಲ್ಲ" ಎಂದಳು ರಮಾದೇವಿ. "ತಡ ಆಗಿರಬೇಕು ಅನ್ಕೊಂಡೆ. ಗೇಟ್ ತೆಗೀತಲ್ಲ, ಹೋದರಾಯ್ತು ಅಂತ. ನಮ್ಮ ಕಡೆ ಯಾರೂ ಅದನ್ನ ನೋಡೋದೇ ಇಲ್ಲ ಮೇಡಂ, ತಾನಾಗೇ ರೀಚಾರ್ಜ್ ಆಗುತ್ತೆ, ತಾನಾಗೇ ಕಟ್ ಆಗುತ್ತೆ."

ಅಷ್ಟರಲ್ಲಿ ಆವಲಮ್ಮ ಕಾರಿನ ಮುಂದೆ ಬಂದು ನಿಂತಿದ್ದಳು. ಯಾರೂ ತಡೆಯಲಿಲ್ಲ. ಅವಳು ಅಂಗೈ ಚಾಚಿ ಗಾಜಿನ ಮೇಲಿಟ್ಟಳು. ದಿನವಿಡೀ ಬಿಸಿಲಿಗೆ ಕಾದ ಗಾಜು ಸುಡುತ್ತಿದ್ದಿರಬೇಕು. ಕೈ ತೆಗೆಯಲಿಲ್ಲ.

"ದಿನಾ ಬೆಳಿಗ್ಗೆ ನೀರು ಹಾಕಿ ಒರೆಸೋನು" ಎಂದಳು. "ನಾನು ಒಳಗಿಂದ ಬೈಯೋಳು, ಕುಡಿಯೋಕೆ ನೀರಿಲ್ಲ, ಕಾರಿಗೆ ಸ್ನಾನ ಮಾಡಿಸ್ತಾನೆ ಅಂತ."

ರಮಾದೇವಿಗೆ ಆಗ ಅರ್ಥವಾಯಿತು. ಬಾಗಿಲು ತೆಗೆದು ಇಳಿದವಳು ಮುದುಕಿಯ ಪಕ್ಕಕ್ಕೆ ಬಂದು ನಿಂತಳು.

*

ಮರುದಿನ ಬೆಳಿಗ್ಗೆ ಜೀಪು ಕೋಲಾರ ದಾಟಿ ವೇಮಗಲ್ ಮುಟ್ಟಿತು. ಕಾರ್ಖಾನೆಯ ಪಾಳಿ ಬಸ್ಸುಗಳು ರಸ್ತೆ ತುಂಬಾ ನಿಂತಿದ್ದವು. ಅವುಗಳ ಹಿಂದೆ ರಾಗಿ ಹೊಲ, ಹೊಲದ ಅಂಚಿನಲ್ಲಿ ತಗಡಿನ ಶೆಡ್ಡು.

"ನೀವು ಹೋಗಿ ಬನ್ನಿ ಮೇಡಂ" ಎಂದರು ಸೊಣ್ಣಪ್ಪ. "ನಾನು ಜೀಪಲ್ಲೇ ಇರ್ತೀನಿ."

"ಯಾಕೆ ಸೊಣ್ಣಪ್ಪನೋರೇ, ಮೈ ಹುಷಾರಿಲ್ವಾ?"

"ಹಂಗೇನಿಲ್ಲ."

ಬಿಚ್ಚಿದ ಕಾರುಗಳ ನಡುವೆ ದಾರಿ ಹುಡುಕಿಕೊಂಡು ಗಂಗಾಲಕ್ಷ್ಮಿ ಒಳಗೆ ಹೋದಳು. ಬಾಗಿಲುಗಳನ್ನು ಒಂದು ಕಡೆ ಒರಗಿಸಿದ್ದರು, ಸೀಟುಗಳನ್ನು ಇನ್ನೊಂದು ಕಡೆ ಪೇರಿಸಿದ್ದರು. ಕದಿರೇಶ್ ದಪ್ಪ ಮೈಯ ಮನುಷ್ಯ. ಗಾಜಿನ ಫೋಟೋ ನೋಡಿದವನೇ ತಲೆಯಾಡಿಸಿದ.

"ನಮ್ಮಲ್ಲಿ ದಿನಾ ಎಷ್ಟೋ ಗಾಜು ಬರುತ್ತೆ ಹೋಗುತ್ತೆ ಮೇಡಂ. ಯಾವ ಕಾರಿಂದು ಅಂತ ಹೇಗೆ ಹೇಳೋದು?"

"ಇದರ ಮೇಲೆ ಭೀಮರಾಜ ಅನ್ನೋನ ಟ್ಯಾಗ್ ಇತ್ತು. ಆ ಭೀಮರಾಜ ಕಾಣೆಯಾಗಿದಾನೆ. ಅವನ ಕಾರನ್ನ ನೀನು ಬಿಚ್ಚಿದೀಯ. ಈಗ ನೀನು ಮಾತಾಡದೇ ಇದ್ರೆ, ಅವನನ್ನ ಏನು ಮಾಡಿದೆ ಅಂತ ನಿನ್ನನ್ನೇ ಕೇಳಬೇಕಾಗುತ್ತೆ."

"ಅಯ್ಯೋ, ನಾನೇನೂ ಮಾಡಿಲ್ಲ! ಅವನೇ ತಂದುಕೊಟ್ಟಿದ್ದು!"

"ಅವನೇನಾ?"

"ಅವನೇ ಮೇಡಂ. ಮುಂದಿನ ಬಂಪರ್ ಒಳಗೆ ಹೋಗಿತ್ತು, ಒಂದು ಲೈಟ್ ಪುಡಿಯಾಗಿತ್ತು. ರಿಪೇರಿ ಮಾಡಿಕೊಡ್ತೀನಿ ಕಣೋ, ಒಳ್ಳೇ ಗಾಡಿ ಅಂದೆ. ಬೇಡಣ್ಣಾ, ಬಿಚ್ಚಿಬಿಡು, ಇದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ ಅಂತ ಅಲ್ಲೇ, ಆ ಟೈರಿನ ಮೇಲೆ ಕೂತು ಅತ್ತುಬಿಟ್ಟ. ಕಾರು ಬೆಂಗಳೂರಲ್ಲಿ ಬಾಡಿಗೆಗೆ ನಿಂತಿದೆ ಅಂತ ಮನೇಲಿ ಹೇಳ್ತೀನಿ ಅಂದ."

"ಯಾವುದಕ್ಕೆ ಗುದ್ದಿದ್ದ?"

"ಕಾಡುಹಂದಿಗೆ ಅಂದ." ಕದಿರೇಶ್ ದನಿ ತಗ್ಗಿತು. "ಬಂಪರಿಗೆ ಬಣ್ಣ ಮೆತ್ತಿಕೊಂಡಿತ್ತು ಮೇಡಂ. ಹಂದಿಗೆಲ್ಲಿ ಬಣ್ಣ? ಗಿಳಿಹಸಿರು ಬಣ್ಣ."

ಗಂಗಾಲಕ್ಷ್ಮಿ ತಿರುಗಿ ಹೊರಗಿನ ಜೀಪಿನ ಕಡೆ ನೋಡಿದಳು.

ಗಿಳಿಹಸಿರು ಸ್ಕೂಟರ್. ಶಿವಾನಿ ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ನರ್ಸ್ ಆದ ಮೇಲೆ ಮೊದಲ ಸಂಬಳದಲ್ಲಿ ಕಂತು ಕಟ್ಟಿ ತಗೊಂಡಿದ್ದ ಸ್ಕೂಟರ್. ಠಾಣೆಗೆ ತಂದು ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದ್ದಳು. "ಇದೇನು ಬಣ್ಣ ತಾಯಿ, ದೂರದಿಂದಲೇ ಕಣ್ಣು ಕುಕ್ಕುತ್ತೆ" ಎಂದು ಗಂಗಾಲಕ್ಷ್ಮಿ ರೇಗಿಸಿದ್ದಳು. "ಕಣ್ಣಿಗೆ ಬೀಳಲಿ ಅಂತಾನೇ ತಗೊಂಡಿದ್ದು ಅಕ್ಕಾ, ಕತ್ತಲಲ್ಲಿ ಬರೋಳು ನಾನು" ಎಂದು ಅವಳು ನಕ್ಕಿದ್ದಳು.

ಹೊರಗೆ ಜೀಪಿನಲ್ಲಿ ಕೂತಿರುವ ಅಪ್ಪನಿಗೆ ಇದನ್ನು ಹೇಗೆ ಹೇಳುವುದು? ಆ ಮುದುಕಿಗೆ ನೀರು ಕುಡಿಸಿದ ಕೈಗೆ, ನಿನ್ನ ಮಗಳನ್ನು ಕೊಂದದ್ದು ಆಕೆಯ ಮಗ ಎಂದು ಹೇಳುವುದು ಹೇಗೆ?

"ಇದೆಲ್ಲಾ ಮತ್ತೆ ಯಾಕೆ ಕೇಳ್ತೀರಿ ಮೇಡಂ?" ಎಂದ ಕದಿರೇಶ್. "ನಾನು ಆವತ್ತೇ ನಿಮ್ಮೋರಿಗೆ ಹೇಳಿದೀನಲ್ಲ."

"ಯಾರಿಗೆ?"

ಅವನು ಗಲ್ಲ ಎತ್ತಿ ಜೀಪಿನ ಕಡೆ ತೋರಿಸಿದ.

"ಆ ಯಜಮಾನರಿಗೆ. ಡ್ರೆಸ್ಸಲ್ಲಿ ಬಂದಿರಲಿಲ್ಲ. ಗ್ಯಾರೇಜು, ಶೆಡ್ಡು ಎಲ್ಲಾ ಸುತ್ತಾಡಿಕೊಂಡು ಬಂದಿದ್ರು. ಮಗಳು ಅಂತ ಫೋಟೋ ತೋರಿಸಿದ್ರು. ನನಗೆ ತಡೆಯೋಕಾಗಲಿಲ್ಲ, ಎಲ್ಲಾ ಹೇಳಿಬಿಟ್ಟೆ. ಭೀಮರಾಜನ ನಂಬರ್ ಇಸ್ಕೊಂಡು, ಎದುರಿನ ಚಹಾ ಅಂಗಡಿಯವನ ಫೋನಿಂದ ಅವನಿಗೆ ಫೋನ್ ಮಾಡಿದ್ರು."

"ಏನಂದ್ರು?"

"ನಾನು ಆ ಹುಡುಗಿ ಅಪ್ಪ, ಬರ್ತೀಯಾ ಅಂದ್ರು. ಅಷ್ಟೆ. ಅವನು ಬಂದ. ಇಬ್ಬರೂ ಒಂದೇ ಬೈಕಲ್ಲಿ ಹೋದ್ರು. ಅದೇ ಕೊನೆ, ಆಮೇಲೆ ಅವನನ್ನ ನಾನು ನೋಡಿಲ್ಲ."

ಕಾಣೆಯಾದ ದಿನ ಭೀಮರಾಜನಿಗೊಂದು ಕರೆ ಬಂದಿತ್ತು, ಮಾತಾಡಿದ ಮೇಲೆ ಅವನ ಮುಖ ಬಿಳಿಚಿಕೊಂಡಿತ್ತು ಎಂದು ರಜನಿ ಹೇಳಿದ್ದಳು. ಆ ಕರೆ ವೇಮಗಲ್‌ನ ಚಹಾ ಅಂಗಡಿಯವನ ಫೋನಿನಿಂದ ಬಂದದ್ದೆಂದು ಮೊದಲ ವಾರವೇ ತಿಳಿದಿತ್ತು. ಫೋನ್ ಯಾರು ಇಸಿದುಕೊಂಡರೋ ಅಂಗಡಿಯವನಿಗೆ ನೆನಪಿಲ್ಲವಂತೆ ಎಂದು ವಿಚಾರಿಸಿಕೊಂಡು ಬಂದು ಹೇಳಿದವರು ಸೊಣ್ಣಪ್ಪ.

*

ಸೊಣ್ಣಪ್ಪ ಟೋಪಿ ತೆಗೆದು ಪಕ್ಕದ ಸೀಟಿನ ಮೇಲಿಟ್ಟಿದ್ದರು. ಅವಳ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಹೇಳಿದ್ನಾ?"

"ಹೇಳಿದ." ಗಂಗಾಲಕ್ಷ್ಮಿ ಜೀಪಿನ ಹತ್ತಿರಕ್ಕೆ ಬಂದು ನಿಂತಳು. "ಭೀಮರಾಜನನ್ನ ಏನ್ ಮಾಡಿದ್ರಿ?"

"ಕೊಲ್ಲಬೇಕು ಅಂತಾನೇ ಕರ್ಕೊಂಡು ಹೋದೆ ಮೇಡಂ. ಸುಳ್ಳು ಹೇಳಲ್ಲ. ಶಿವಾನಿ ಬಿದ್ದಿದ್ದ ಜಾಗಕ್ಕೇ ಕರ್ಕೊಂಡು ಹೋದೆ. ಜ್ಯಾಕಿ ರಾಡು ಕೈಯಲ್ಲಿತ್ತು. ಅವನು ಓಡಲಿಲ್ಲ, ಕೈ ಅಡ್ಡ ಇಡಲಿಲ್ಲ. ಹೊಡಿಯಪ್ಪಾ ಅಂದ. ಆದ್ರೆ ಅದಕ್ಕೆ ಮೊದಲು ಒಂದು ಮಾತು ಕೇಳು ಅಂದ."

"ಏನು?"

"ತಿರುವು ದಾಟಿದಾಗ ಸ್ಕೂಟರ್ ಆಗಲೇ ರಸ್ತೆಯಲ್ಲಿ ಬಿದ್ದಿತ್ತಂತೆ. ನನ್ನ ಮಗೂನೂ ಬಿದ್ದಿತ್ತಂತೆ. ಅಲ್ಲಾಡ್ತಾ ಇರಲಿಲ್ಲವಂತೆ. ಬ್ರೇಕ್ ಹಾಕಿದಾನೆ, ಸ್ಕೂಟರಿಗೆ ಗುದ್ದಿಬಿಟ್ಟಿದಾನೆ. ಇಳಿದು ನೋಡಿದ್ರೆ ಪಕ್ಕದಲ್ಲಿ ಒಬ್ಬ ನಿಂತಿದ್ದನಂತೆ. ಹೋಗ್ತಾ ಇರೋ, ಇಲ್ಲಾಂದ್ರೆ ಇದನ್ನ ನಿನ್ನ ತಲೆಗೇ ಕಟ್ತೀನಿ ಅಂದನಂತೆ. ಇವನು ಹೆದರಿ ಓಡಿಬಂದ."

ಹೊಲದ ಕಡೆಯಿಂದ ಗಾಳಿ ಬಂದು ತಗಡುಗಳನ್ನು ಅಲುಗಿಸಿತು. ಸೊಣ್ಣಪ್ಪ ಅಂಗೈಯಿಂದ ಮುಖ ಒರೆಸಿಕೊಂಡರು.

"ನನ್ನ ಕೈ ಮೇಲೇಳಲಿಲ್ಲ ಮೇಡಂ. ಆ ಮನುಷ್ಯನ ಗುರುತು ಹಿಡೀತೀಯಾ ಅಂದೆ. ಹಿಡೀತೀನಿ ಅಂದ. ಹಂಗಾದ್ರೆ ಠಾಣೆಗೆ ಹೋಗಿ ಹೇಳು, ನಿನಗೇನೂ ಆಗದಂಗೆ ನಾನು ನೋಡ್ಕೊತೀನಿ ಅಂತ ಮಾತು ಕೊಟ್ಟೆ. ನಾನೇ ಬೈಕಲ್ಲಿ ತಂದು ನಮ್ಮ ಮಾರಗುಂಟೆ ಠಾಣೆ ಮುಂದೆ ಇಳಿಸಿದೆ. ನಾನು ಜೊತೆಗೆ ಬಂದ್ರೆ ಹೆದರಿಸಿ ಹೇಳಿಸಿದಾನೆ ಅಂತಾರಲ್ಲ, ಅದಕ್ಕೆ ಎದುರಿನ ಹೊಂಗೆಮರದ ಕೆಳಗೆ ನಿಂತೆ. ಒಳಗೆ ಹೋದ. ನಾನು ನೋಡಿದೀನಿ."

"ಆಮೇಲೆ?"

"ಆಚೆ ಬರಲಿಲ್ಲ."

ಗಂಗಾಲಕ್ಷ್ಮಿ ಜೀಪಿನ ಬಾಗಿಲು ಹಿಡಿದುಕೊಂಡಳು.

"ಆವತ್ತು ಎಲ್ಲರೂ ಬಂದೋಬಸ್ತಿಗೆ ಹೋಗಿದ್ರು" ಎಂದರು ಸೊಣ್ಣಪ್ಪ. "ನಮ್ಮೋರಲ್ಲಿ ಒಳಗಿದ್ದೋರು ಇಬ್ಬರೇ. ಇನ್ಸ್‌ಪೆಕ್ಟರ್ ಸಾಹೇಬ್ರು. ಮತ್ತೆ ನೀವು."

"ನನ್ನನ್ನ ಅನುಮಾನಿಸಿದ್ರಾ?"

"ಅದಕ್ಕೇ ಈ ಕೇಸಿಗೆ ಹಾಕಿ ಅಂತ ಕೇಳಿಕೊಂಡಿದ್ದು. ನಿಮ್ಮ ಮುಖ ನೋಡ್ತಾನೇ ಇದ್ದೆ. ನಿನ್ನೆ ಆ ಮುದುಕಮ್ಮನ ಪಕ್ಕ ಕೂತು ನೀವು ಪಟ್ಟ ಸಂಕಟ ನೋಡಿದೆ. ಇವರಲ್ಲ ಅನ್ನಿಸ್ತು. ಇಲ್ಲದಿದ್ರೆ ಇವತ್ತು ಇಲ್ಲಿಗೆ ಕರ್ಕೊಂಡು ಬರ್ತಾನೇ ಇರಲಿಲ್ಲ."

ಅವಳು ಆ ದಿನವನ್ನು ನೆನಪಿಗೆ ತಂದುಕೊಂಡಳು. ಹಿಂದಿನ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳ ಹೇಳಿಕೆ ಬರೆದುಕೊಳ್ಳುತ್ತಾ ಕೂತಿದ್ದಳು. ಅರುಣ್‌ಕುಮಾರ್ ಬಾಗಿಲು ಅರ್ಧ ತೆಗೆದು ಜೀಪಿನ ಕೀ ಕೇಳಿದ್ದರು. ಕೋಲಾರಕ್ಕೆ ಹೋಗಿ ಬರ್ತೀನಮ್ಮ, ನೀನು ಕೆಲಸ ಮುಂದುವರಿಸು ಎಂದಿದ್ದರು. ಡ್ರೈವರ್ ಇಲ್ಲವಲ್ಲ ಸರ್ ಎಂದರೆ, ನಾನೇ ಓಡಿಸ್ತೀನಿ ಎಂದು ಬಾಗಿಲು ಎಳೆದುಕೊಂಡಿದ್ದರು. ಹಿತ್ತಲ ಕಡೆಯಿಂದ ಜೀಪು ಹೊರಟ ಸದ್ದು ಅವಳಿಗೆ ಕೇಳಿಸಿತ್ತು. ಭೀಮರಾಜ ಗುರುತು ಹಿಡಿಯಬೇಕಿದ್ದ ಆ ಮನುಷ್ಯ ಠಾಣೆಯೊಳಗೇ ಕೂತಿದ್ದನೇ?

ಜೇಬಿನಲ್ಲಿ ಫೋನ್ ಅದುರಿತು. ತೆಗೆದು ನೋಡಿದಳು. ಅರುಣ್‌ಕುಮಾರ್.

ಸೊಣ್ಣಪ್ಪನೂ ಹೆಸರು ನೋಡಿದರು. ಅವಳು ಫೋನ್ ಕಿವಿಗಿಟ್ಟಳು.

"ಎಲ್ಲಿದೀಯಮ್ಮ?" ಎಂದಿನಂತೆ ಮೃದುವಾದ ದನಿ.

"ಮಾಲೂರು ಕಡೆ ಬಂದಿದೀನಿ ಸರ್. ಮಾಸ್ತಿ ಹತ್ರ ಒಂದು ವಿಚಾರಣೆ ಇತ್ತು." ಸೇವೆಗೆ ಸೇರಿದ ಮೇಲೆ ಅವರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಆ ಕಡೆ ವಾಹನವೊಂದರ ಎಂಜಿನ್ ಸದ್ದು ಕೇಳಿಸಿತು.

"ಹೌದಾ?" ಎಂದರು ಅರುಣ್‌ಕುಮಾರ್. "ಹಾಗಾದ್ರೆ ಕದಿರೇಶನ ಶೆಡ್ಡಿನ ಮುಂದೆ ನಮ್ಮ ಸೊಣ್ಣಪ್ಪನ ಜೊತೆ ನಿಂತಿರೋದು ಯಾರಮ್ಮ?"

ಗಂಗಾಲಕ್ಷ್ಮಿ ನಿಧಾನವಾಗಿ ತಲೆಯೆತ್ತಿದಳು. ಕದಿರೇಶ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅವನ ಎರಡು ಕೈಗಳೂ ಖಾಲಿಯಿದ್ದವು, ಸುದ್ದಿ ಕೊಟ್ಟವನು ಅವನಲ್ಲ. ಅವನು ಇವಳನ್ನು ನೋಡುತ್ತಿರಲಿಲ್ಲ. ಇವಳ ಬೆನ್ನ ಹಿಂದಿನ ರಸ್ತೆಯನ್ನು, ಅಲ್ಲಿ ಆಗ ತಾನೇ ಬಂದು ನಿಂತ ಇನ್ನೊಂದು ಪೊಲೀಸ್ ವಾಹನವನ್ನು, ಕಣ್ಣರಳಿಸಿ ನೋಡುತ್ತಿದ್ದ.